ತೊಗರಿ ಚೀಲದ ಮೆಣಸಿನಕಾಯಿ

ಸೋಮಣ್ಣನ ಫಜೀತಿ ಶುರುವಾದದ್ದು ಖಾಲಿ ಚೀಲದಿಂದ.

ಹಿಂದಿನ ವರ್ಷ ಆತ ತೊಗರಿ ಬೆಳೆದಿದ್ದ. ಸರಕಾರ ಯಾವುದೋ ಒಪ್ಪಂದಕ್ಕೆ ಸಹಿ ಹಾಕಿ ಆಫ್ರಿಕಾದ ತೊಗರಿಯನ್ನು ಸುಂಕವಿಲ್ಲದೆ ಒಳಗೆ ಬಿಟ್ಟುಕೊಂಡಿತು. ರೇಟು ಮಕಾಡೆ ಬಿತ್ತು. ಈ ವರ್ಷ ಮೆಣಸಿನಕಾಯಿ ಹಾಕಿದ. ಚಲೋ ರೇಟು ಸಿಕ್ಕರೆ ಹೆಂಡತಿ ಮುತ್ತವ್ವನಿಗೆ ಹಿಟ್ಟಿನ ಗಿರಣಿ ಕೊಡಿಸುವುದೆಂದು ಮಾತಾಗಿತ್ತು. ಆಕೆ ಪಡಸಾಲೆಯ ಮೂಲೆಯನ್ನು ಈಗಾಗಲೇ ಸಾರಿಸಿಟ್ಟಿದ್ದಳು.

ಮಾಲು ತುಂಬಲು ಕೂತರೆ, ಮನೆಯ ಚೀಲಗಳನ್ನೆಲ್ಲ ಇಲಿ ಕಡಿದಿತ್ತು. ಕಿರಾಣಿ ಅಂಗಡಿಯ ಶಮಶೇರಸಾಬ ಕರೆಯದೆಯೇ ಬಂದ.

"ಸೋಮಣ್ಣಾ, ನನ್ನ ಅಂಗಡ್ಯಾಗ ತೊಗರಿ ಬಂದ ಚೀಲ ಅದಾವ. ಮದಿಮಗನ ಅಂಗಿ ಇದ್ದಂಗ ಅದಾವ ನೋಡು. ಗಿರಾಕಿ ಮೊದಲ ಚೀಲ ನೋಡ್ತಾನ, ಆಮ್ಯಾಲ ಮಾಲು."

ಪ್ರತಿ ಚೀಲದ ಮೇಲೂ ಒಂದು ಆನೆ, ಸುತ್ತ ಸೋಮಣ್ಣನಿಗೆ ಓದಲು ಬಾರದ ನೀಲಿ ಇಂಗ್ಲಿಷ್ ಅಕ್ಷರ.

ಮರುದಿನ ಬೆಳಿಗ್ಗೆ ಬ್ಯಾಡಗಿ ಪೇಟೆಯಲ್ಲಿ, ದಲಾಲಿ ಶಂಭುಲಿಂಗನ ಅಂಗಡಿಯ ಮುಂದೆ ಇಪ್ಪತ್ತು ಆನೆಗಳು ಇಳಿದವು. ಖರೀದಿದಾರರು ಬಂದರು, ಅಕ್ಷರ ಓದಿದರು, ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋದರು. ಅವರು ಫೋಟೊ ಹೊಡೆಯುವಾಗ ಸೋಮಣ್ಣ ಟೊಪ್ಪಿಗೆ ಸರಿಮಾಡಿಕೊಂಡು ನಗುತ್ತ ಚೀಲದ ಪಕ್ಕ ನಿಂತಿದ್ದ. ಹಂಚಿನ ಮೇಲಿನ ರೊಟ್ಟಿಯಂತೆ ಅವನ ಎದೆ ಉಬ್ಬಿತ್ತು.

ಹೊರಗೆ ಬಂದ ಶಂಭುಲಿಂಗ ತಲೆಗೆ ಕೈ ಹಚ್ಚಿದ.

"ಏನ್ ಮಾಡೀಯೋ ಮಾರಾಯಾ! ಇದರ ಮ್ಯಾಲ ಆಫ್ರಿಕಾದ ಹೆಸರು ಐತಿ. ಲಗೂನ ಮಾಲು ನೆಲಕ್ಕ ಸುರುವಿ ಚೀಲ ಒಳಗ ಒಗಿ!"

ಸೋಮಣ್ಣ ಸೀನುತ್ತ ಸೀನುತ್ತ ಇಪ್ಪತ್ತೂ ಚೀಲ ಸುರುವಿದ. ಕೆಂಪು ರಾಶಿ ಫಳಫಳ ಹೊಳೆಯಿತು. ಖರೀದಿದಾರರು ತಮ್ಮ ತಮ್ಮ ರೇಟು ಬರೆದು ಹಾಕುವ ಟೆಂಡರೂ ಆಯಿತು.

ಮೂರು ಗಂಟೆಗೆ ರೇಟು ಬಂತು. ಹೋದ ವಾರದ ಅರ್ಧ.

"ಸಾವ್ಕಾರ್ರ, ನಮ್ಮಾಕಿ ಗಿರಣಿಗೆ ಜಾಗಾ ಸಾರಿಸಿ ಕುಂತಾಳ್ರಿ! ನನ್ನ ಮಾಲಿನಾಗ ಏನ್ ಖೋಟ್ ಐತಿ?"

"ನಿನ್ನ ಮಾಲು ಬಂಗಾರದಂಥಾದ್ದು. ಇಡೀ ಪೇಟ್ಯಾಗ ರೇಟು ಬಿದ್ದೈತಿ. ಪರದೇಶದ ಮೆಣಸಿನಕಾಯಿ ಸುಂಕ ಇಲ್ಲದ ಬ್ಯಾಡಗಿಗೆ ಬಂದು ಇಳದೈತಂತ ಸುದ್ದಿ."

ಸೋಮಣ್ಣನ ಕಣ್ಣು ಕೆಂಪಾದವು. "ಹೋದ ವರ್ಷ ತೊಗರಿ ಮುಗಿಸಿದ್ರು, ಈಗ ಇದಕ್ಕೂ ಬಂದ್ರೇನು? ಯಾವನ್ರೀ ಅಂವ, ಪರದೇಶದ ಮಾಲು ತಂದವ? ತೋರಸ್ರಿ ಅವನ ಮಾರಿ!"

ಶಂಭುಲಿಂಗ ತನ್ನ ಮೊಬೈಲಿಗೆ ಬಂದಿದ್ದ ಫೋಟೊ ಮುಂದೆ ಹಿಡಿದ. ಸಾಲಾಗಿ ನಿಂತ ಆನೆಗಳು, ಪಕ್ಕದಲ್ಲಿ ಟೊಪ್ಪಿಗೆ ಸರಿಮಾಡಿಕೊಂಡು ನಗುತ್ತಿರುವ ಸೋಮಣ್ಣ.

"ಅಯ್ಯ! ಇದು ನನ್ನ ಹೊಲದ್ದು ಅಂತ ಹೇಳ್ರಿ ಅವರಿಗೆ!"

"ಹೇಳೀನಪಾ. ಫೋಟೊ ಮದ್ರಾಸ್ ಮುಟ್ಟೈತಿ, ನನ್ನ ಮಾತು ಪೇಟಿ ಗೇಟ್ ದಾಟವಲ್ದು. ರೇಟು ಬ್ಯಾಡಾದ್ರ ಮಾಲು ತುಂಬ್ಕೊಂಡು ಹೊಳ್ಳಿ ಹೋಗು, ನಾಕ್ ದಿನ ಬಿಟ್ಟು ಬಾ."

"ಎದರಾಗ ತುಂಬ್ಲಿ?"

ಇಬ್ಬರೂ ಅಂಗಡಿಯ ಒಳಗೆ ಬಿದ್ದಿದ್ದ ಆನೆಗಳನ್ನು ನೋಡಿದರು.