ನೈಂಟಿಫೈವ್‌ನಲ್ಲಿ ಇಬ್ಬರೇ

ಈಸ್ಟ್ ಬ್ರನ್ಸ್‌ವಿಕ್ಕಿನ ಬದರೀನಾಥರು ಮಾಡಿದ ತಪ್ಪು ಇಷ್ಟೇ. ಬೆಳಗ್ಗೆ ವಾಕಿಂಗಿನಲ್ಲಿ ಸಿಕ್ಕ ಪಕ್ಕದ ಮನೆಯ ಮಂಜೇಶನನ್ನು, "ನಾರ್ತ್ ಕ್ಯಾರೊಲಿನಾದಲ್ಲಿ ನೈಂಟಿಫೈವ್ ಹೈವೇ ಹೇಗಿದೆಯಪ್ಪಾ?" ಎಂದು ಕೇಳಿಬಿಟ್ಟರು.

ಪಾಪ, ಮದುವೆಯಾಗಿ ಮೂವತ್ತು ವರ್ಷವಾದರೂ ಗಂಡಹೆಂಡತಿ ಇಬ್ಬರೇ ಎಲ್ಲಿಗೂ ಹೋದವರಲ್ಲ. ಹನಿಮೂನಿಗೇ ಸೋದರತ್ತೆ ಜೊತೆಗೆ ಬಂದಿದ್ದರು! ಈ ಲಾಂಗ್ ವೀಕೆಂಡಿಗೆ ಸವಾನಾದ ಕಡಲಿಗೆ, ಕಾರಿನಲ್ಲಿ, ಇಬ್ಬರೇ ಎಂದು ಕೌಸಲ್ಯಾಗೆ ಮಾತು ಕೊಟ್ಟಿದ್ದರು. ಸಂಜೆ ಹೊರಡುವುದಿತ್ತು.

ಮಂಜೇಶನಿಂದ ಸುದ್ದಿ ಬೀದಿಗೆಲ್ಲ ಹಬ್ಬಿತು. ಮೊದಲು ಮನೆಗೆ ಬಂದವರು ಅದೇ ಬೀದಿಯ, ಧಾರವಾಡ ಕಡೆಯ ನಾಗಲಿಂಗಪ್ಪ. "ನೈಂಟಿಫೈವ್ ಯಾಕ್ರೀ? ಬರೇ ಪೈನ್ ಗಿಡ, ನಿದ್ದಿ ಬರ್ತದ. ಎಯ್ಟಿಫೈವ್ ಹಿಡೀರಿ. ಶಾರ್ಲೆಟ್‌ನಾಗ ನನ್ನ ತಮ್ಮಗ ಈ ರೊಟ್ಟಿ ಗಂಟು ಕೊಡ್ರಿ."

"ನಾವು ಶಾರ್ಲೆಟ್ ಕಡೆ ಹೋಗಲ್ಲ ಸ್ವಾಮಿ."

"ಅದಕ್ಕೇನ್ರಿ, ಅವನೇ ನೈಂಟಿಫೈವ್‌ನಾಗ ಫೆಯಟ್‌ವಿಲ್ ಎಕ್ಸಿಟ್ಟಿಗೆ ಬಂದು ನಿಂದರ್ತಾನ!"

ಬೆನ್ನಿಗೇ ಎದುರುಮನೆಯ ಮಾಧವಿ ವೆಟ್ ಗ್ರೈಂಡರ್ ಹೊತ್ತು ಬಂದಳು. "ರಾಲೀಲಿರೋ ನಮ್ಮಕ್ಕಂಗೆ ಅಂಕಲ್. ಸ್ಮಿತ್‌ಫೀಲ್ಡ್ ಹತ್ರ ಹೈವೇಗೇ ಬರ್ತಾಳೆ."

ಮಧ್ಯಾಹ್ನದ ಹೊತ್ತಿಗೆ ವರ್ಜೀನಿಯಾ ಗಡಿಯಿಂದ ಸೌತ್ ಕ್ಯಾರೊಲಿನಾ ಗಡಿಯವರೆಗೆ ಯಾವ ಎಕ್ಸಿಟ್ಟಿನಲ್ಲಿ ನೋಡಿದರೂ ಬದರೀನಾಥರಿಗಾಗಿ ಕಾಯುವವರೇ. ಹಿಂದಿನ ಸೀಟು ತುಂಬಿ, ಕೌಸಲ್ಯಾ ಕೂರುವ ಜಾಗಕ್ಕೂ ಉಪ್ಪಿನಕಾಯಿ ಜಾಡಿ ಬಂತು. ಆಕೆಯ ಮುಖ ಸಣ್ಣದಾಯಿತು. ಅದನ್ನು ನೋಡಿದ ಬದರೀನಾಥರು ಫೋನು ಕೈಗೆತ್ತಿಕೊಂಡರು. ಬೀದಿಯವರ ವಾಟ್ಸಾಪ್ ಗ್ರೂಪಿಗೆ ಬರೆದರು: "ಸೊಂಟ ಹಿಡಿದುಕೊಂಡಿದೆ. ಡ್ರೈವ್ ಮಾಡೋಕಾಗಲ್ಲ. ಟ್ರಿಪ್ ಕ್ಯಾನ್ಸಲ್."

ಅಯ್ಯೋ ಅಯ್ಯೋ ಎನ್ನುತ್ತಲೇ ಎಲ್ಲರೂ ಸಾಮಾನು ವಾಪಸ್ ಒಯ್ದರು. ಬದರೀನಾಥರು ಹೆಂಡತಿಯ ಕಿವಿಯಲ್ಲಿ, "ಕತ್ತಲಾಗ್ತಿದ್ದ ಹಾಗೇ ಸದ್ದಿಲ್ಲದೆ ಜಾಗ ಖಾಲಿ ಮಾಡೋಣ ಕಣೆ" ಎಂದರು. ಕೌಸಲ್ಯಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಸಂಜೆ ಗರಾಜಿನ ಬಾಗಿಲು ತೆರೆದರೆ, ಅಡ್ಡಲಾಗಿ ದೊಡ್ಡದೊಂದು ವ್ಯಾನು ನಿಂತಿದೆ!

"ಅಂಕಲ್, ನಿಮ್ಮ ಸೊಂಟದ ವಿಷಯ ಕೇಳಿ ಯಾರಿಗೂ ಮಧ್ಯಾಹ್ನ ಊಟ ಸೇರಲಿಲ್ಲ" ಎಂದ ಮಂಜೇಶ್. "ವ್ಯಾನ್ ಬಾಡಿಗೆಗೆ ತಂದಿದೀನಿ. ನಾನೇ ಡ್ರೈವ್ ಮಾಡ್ತೀನಿ. ಲಾಂಗ್ ವೀಕೆಂಡ್ ಅಲ್ವಾ, ಎಲ್ಲರೂ ಬರ್ತಿದೀವಿ!"

ಸುಳ್ಳು ಹೇಳಿದ್ದೆ ಎನ್ನುವಂತಿಲ್ಲ. ಬದರೀನಾಥರು ಸೊಂಟ ಹಿಡಿದುಕೊಂಡೇ ಹತ್ತಿದರು. ಕಾಲು ಚಾಚಲು ಅನುಕೂಲವೆಂದು ಅವರನ್ನು ಕಟ್ಟಕಡೆಯ ಸೀಟಿಗೆ ಸಾಗಿಸಿದರು. ಗಾಳಿ ಚೆನ್ನಾಗಿ ಬರುತ್ತದೆಂದು ಕೌಸಲ್ಯಾಗೆ ಡ್ರೈವರ್ ಪಕ್ಕದ ಸೀಟು. ನಡುವೆ ಇಡೀ ಬೀದಿ.

ವ್ಯಾನು ಟರ್ನ್‌ಪೈಕ್ ಹೆದ್ದಾರಿ ಹತ್ತುವಷ್ಟರಲ್ಲಿ ಫೋನಿಗೆ ಕೌಸಲ್ಯಾರ ಮೆಸೇಜು ಬಂತು: "ಆರಾಮಾಗಿದ್ದೀರಾ?" "ನೀನು ಪಕ್ಕದಲ್ಲಿಲ್ಲ, ತುಂಬಾ ಬೇಜಾರು ಕಣೆ" ಎಂದು ಬದರೀನಾಥರು ಟೈಪ್ ಮಾಡತೊಡಗಿದರು.

ಅವರ ಮುಂದಿನ ಸಾಲಿನಲ್ಲಿದ್ದ ಮಾಧವಿ ತಿರುಗಿ ಬಗ್ಗಿ ನೋಡಿದಳು. "ಅಷ್ಟುದ್ದ ಯಾಕೆ ಟೈಪ್ ಮಾಡ್ತೀರಾ ಅಂಕಲ್, ನಾನೇ ಹೇಳ್ತೀನಿ ಬಿಡಿ" ಎಂದವಳೇ ಎದ್ದು ನಿಂತು, ಇಡೀ ವ್ಯಾನಿಗೆ ಕೇಳುವಂತೆ ಕೂಗಿದಳು: "ಆಂಟೀ! ನೀವು ಪಕ್ಕದಲ್ಲಿಲ್ಲ ಅಂತ ಅಂಕಲ್‌ಗೆ ಬೇಜಾರಂತೆ!"