ಡಬ್ಬಿ, ಕಡ್ಡಿ ಮತ್ತು ದೊಡ್ಡವ್ವನ ಫೋಟೋ

ಅಂಗಡಿಯಲ್ಲಿ ಸಾಮಾನು ಒಂದೇ ಇದ್ದರೆ ನನ್ನಷ್ಟು ಚುರುಕಿನ ಗಿರಾಕಿ ಹಾವೇರಿ ಜಿಲ್ಲೆಯಲ್ಲೇ ಸಿಗಲಿಕ್ಕಿಲ್ಲ. ಎರಡಿದ್ದರೆ ಮಾತ್ರ ನನ್ನ ಕಥೆ ಮುಗಿಯಿತು. ಎಡಗಾಲಿಗೆ ಕಂದು ಚಪ್ಪಲಿ, ಬಲಗಾಲಿಗೆ ಕರಿ ಚಪ್ಪಲಿ ಹಾಕಿಕೊಂಡು, ಅಂಗಡಿಯವನು ಮನೆಗೆ ಹೋಗಿ ಊಟ ಮಾಡಿ ಬರುವ ತನಕ ಕನ್ನಡಿಯ ಮುಂದೆ ನಿಂತವನು ನಾನು. ಖಾನಾವಳಿಯಲ್ಲಿ ರೊಟ್ಟಿಯೋ ಚಪಾತಿಯೋ ಎಂದು ಕೇಳಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವನು ಎರಡನ್ನೂ ತಿಂದು ಕೈತೊಳೆದಿರುತ್ತಾನೆ. ಇದನ್ನು ನನ್ನ ಹೆಂಡತಿ ಶೈಲಾ ರೋಗ ಎನ್ನುತ್ತಾಳೆ. ನಾನು ವೈಜ್ಞಾನಿಕ ಮನೋಭಾವ ಎನ್ನುತ್ತೇನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನಿಗೆ ಅಷ್ಟಾದರೂ ಬೇಡವೇ? ಹೆಣ್ಣು ನೋಡಲು ಬ್ಯಾಡಗಿಗೆ ಹೋದ ದಿನ ಅವರ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಒಬ್ಬಳೇ ಇದ್ದುದರಿಂದ ನನ್ನ ಸಂಸಾರ ಸಾಧ್ಯವಾಯಿತು ಎಂದು ಅವಳು ಬಂದವರಿಗೆಲ್ಲ ಹೇಳುತ್ತಿರುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ.

ಹೋದ ಯುಗಾದಿಗೆ ನಾವು ಗಳಗನಾಥದ ದೊಡ್ಡವ್ವನ ಮನೆಗೆ ಹೋಗಿದ್ದೆವು. ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಇಬ್ಬರೂ ಎಪ್ಪತ್ತು ದಾಟಿದವರು. ದೊಡ್ಡವ್ವನ ಕಣ್ಣಿಗೆ ಒಳಗಿನ ಒತ್ತಡ ಹೆಚ್ಚಾಗಿ ಸುತ್ತಲಿಂದ ಕತ್ತಲೆ ಬರತೊಡಗಿತ್ತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದದ್ದನ್ನು ಹನಿ ಹಾಕಿಕೊಂಡು ಎಷ್ಟು ದಿನ ಉಳಿಸಿಕೊಳ್ಳಬಹುದೋ ನೋಡೋಣ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಹೋಳಿಗೆ ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವಾಗ ದೊಡ್ಡವ್ವ, "ತಮ್ಮಾ, ನಂದೂ ನಿಮ್ಮವ್ವಂದೂ ಕೂಡಿ ಒಂದ ಫೋಟೋನೂ ಇಲ್ಲ ನೋಡು. ಕಣ್ಣು ಕಾಣೂದ್ರಾಗ ಒಂದು ತಗದು ತೋರಿಸಿಬಿಡು. ಗ್ವಾಡಿಗೆ ಹಾಕೂವಂಥಾದ್ದು, ದೊಡ್ಡದು" ಎಂದಳು. ಅವಳ ಮಗ ಅಲ್ಲೇ ಮೊಬೈಲು ತೆಗೆದ. ನಾನು ಅವನ ಕೈ ಹಿಡಿದೆ. ಮೊಬೈಲಿನ ಫೋಟೋ ದೊಡ್ಡದು ಮಾಡಿಸಿದರೆ ಮುಖ ಕಲಸಿಹೋಗುತ್ತದೆ ಎಂದೆ. ಸ್ಟುಡಿಯೋದವನನ್ನು ಕರೆಸಲೇ ಎಂದ. ಸ್ಟುಡಿಯೋದವರು ಎಲ್ಲರ ಮುಖಕ್ಕೂ ಜೋಳದ ಹಿಟ್ಟು ಬಳಿದಂತೆ ಬೆಳ್ಳಗೆ ಮಾಡಿಬಿಡುತ್ತಾರೆ, ಆಮೇಲೆ ಇವಳು ಅವ್ವನೋ ಪಕ್ಕದ ಮನೆಯವಳೋ ಎಂದು ನೀವೇ ಕೇಳಬೇಕಾಗುತ್ತದೆ ಎಂದೆ. "ನಾನ ಛಲೋ ಕ್ಯಾಮೆರಾ ತಂದು ತಗೀತೇನಿ ದೊಡ್ಡವ್ವ, ಎಂಟ ದಿನ ತಡಿ" ಎಂದು ಎಲ್ಲರೆದುರು ಘೋಷಿಸಿದೆ.

ಖರೇ ಹೇಳಿಬಿಡುತ್ತೇನೆ. ಕ್ಯಾಮೆರಾ ಕೊಳ್ಳುವ ಆಸೆ ನನಗೆ ಮೊದಲೇ ಇತ್ತು. ಹತ್ತನೇ ತರಗತಿಗೆ ಮಸೂರಗಳ ಪಾಠವನ್ನು ವರ್ಷವರ್ಷವೂ ಮಾಡುತ್ತ, ಬೋರ್ಡಿನ ಮೇಲೆ ಬಾಣ ಎಳೆದು ತಲೆಕೆಳಗಾದ ಮೇಣದಬತ್ತಿ ಬರೆಯುತ್ತ ಬಂದವನು, ಒಂದು ನಿಜವಾದ ಮಸೂರದ ಹಿಂದೆ ಕಣ್ಣಿಟ್ಟವನಲ್ಲ. ಸುಮ್ಮನೆ ಕೇಳಿದ್ದರೆ ಶೈಲಾ ಮಿಕ್ಸಿ ರಿಪೇರಿಯ ಮಾತೆತ್ತುತ್ತಿದ್ದಳು. ದೊಡ್ಡವ್ವನ ಕಣ್ಣಿನ ಹೆಸರು ಹೇಳಿದರೆ ಯಾರು ಬೇಡವೆನ್ನುತ್ತಾರೆ? ಅಂಥ ಪುಣ್ಯದ ಕೆಲಸಕ್ಕೆ ಹೊರಟವನು ಅವಸರ ಮಾಡಬಾರದೆಂದು ನಾನೇ ತೀರ್ಮಾನಿಸಿಕೊಂಡೆ.

ಹೊಸಬರು ಕೊಳ್ಳಬಹುದಾದ, ಒಳಗೆ ಕನ್ನಡಿಯಿರುವ ಕ್ಯಾಮೆರಾಗಳು, ಅಂದರೆ ಡಿಎಸ್‌ಎಲ್‌ಆರ್‌ಗಳು ಎಂದು ಬಲ್ಲವರು ಹೇಳಿದವು ಎರಡು. ಅವುಗಳ ಹೆಸರು ಲಾರಿ ನಂಬರಿನ ಹಾಗೆ ಅಕ್ಷರ, ಅಂಕಿ ಕೂಡಿದ್ದು, ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಒಂದು ಗಿಡ್ಡ, ದಪ್ಪ. ಇನ್ನೊಂದು ತುಸು ಸಪೂರ. ಬ್ಯಾಡಗಿ ಮೆಣಸಿನಕಾಯಿಯಲ್ಲೂ ಗಿಡ್ಡ ದಪ್ಪನೆಯದು ಡಬ್ಬಿ, ಸಪೂರ ಉದ್ದನೆಯದು ಕಡ್ಡಿ. ಶೈಲಾ ಅದೇ ಹೆಸರಿಟ್ಟಳು. ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಡಬ್ಬಿ, ಬಲಕ್ಕೆ ಕಡ್ಡಿ ಎಂದು ಬರೆದೆ. ಡಬ್ಬಿಗೆ ಫೋಕಸ್ ಮಾಡುವ ಬಿಂದುಗಳು ಒಂಬತ್ತು, ಕಡ್ಡಿಗೆ ಹನ್ನೊಂದು. ತೆಗೆಯಬೇಕಾದ ಮುಖಗಳು ಎರಡು. ಆದರೂ ಆ ಹೆಚ್ಚಿನ ಎರಡು ಬಿಂದುಗಳ ಬಗ್ಗೆ ನಾನು ಜ್ಯೇಷ್ಠ ಮಾಸವಿಡೀ ಯೋಚಿಸಿದೆ. ಕಡ್ಡಿಯ ಬ್ಯಾಟರಿ ಒಮ್ಮೆ ಚಾರ್ಜು ಮಾಡಿದರೆ ಡಬ್ಬಿಯದಕ್ಕಿಂತ ಎರಡು ಪಟ್ಟು ಹೆಚ್ಚು ಫೋಟೋ ತೆಗೆಯುತ್ತಿತ್ತು. ನನಗೆ ಬೇಕಾಗಿದ್ದುದು ಒಂದು ಫೋಟೋ. ಯೂಟ್ಯೂಬಿನಲ್ಲಿ ಗಡ್ಡ ಬಿಟ್ಟ ಒಬ್ಬ ಮಹಾಶಯ ಇಪ್ಪತ್ತು ನಿಮಿಷ ಇವೆರಡನ್ನೂ ತೂಗಿ, ಕೊನೆಗೆ ಎರಡೂ ಚೆನ್ನಾಗಿವೆ, ನಿಮ್ಮ ಅಗತ್ಯ ನೋಡಿಕೊಳ್ಳಿ ಎಂದು ಕೈ ಮುಗಿಯುತ್ತಿದ್ದ. ಇಂಥ ಜ್ಞಾನಿಗಳನ್ನು ನಾನು ದಿನಕ್ಕೆ ಮೂವರಂತೆ ಕೇಳಿದೆ.

ತೊಡಕು ಇನ್ನೂ ಇತ್ತು. ಡಬ್ಬಿ ಇದ್ದದ್ದು ರಾಣೆಬೆನ್ನೂರಿನ ಅಂಗಡಿಯಲ್ಲಿ, ಕಡ್ಡಿ ಇದ್ದದ್ದು ಹಾವೇರಿಯಲ್ಲಿ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹಾವೇರಿಯ ಅಂಗಡಿಯಲ್ಲಿ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿ, ಅದರ ಭಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತುತ್ತಿದ್ದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಪಕ್ಕದವರ ಚೀಲ ತೊಡೆಯ ಮೇಲೆ ಕೂತು, ಕಡ್ಡಿಯ ಭಾರ ಯಾವುದು, ಚೀಲದ ಭಾರ ಯಾವುದು ತಿಳಿಯದೆ ಹೋಗುತ್ತಿತ್ತು. ರಾಣೆಬೆನ್ನೂರಿನ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಡಬ್ಬಿಯನ್ನು ಗಾಜಿನ ಮೇಲಿಟ್ಟು ತಾನು ಚಹಾಕ್ಕೆ ಹೊರಡುವುದನ್ನು ರೂಢಿ ಮಾಡಿಕೊಂಡ. ಒಮ್ಮೆ ಮಾತ್ರ ನಿಂತು, "ಸರ, ಈಗ ಎಲ್ಲಾರೂ ಕನ್ನಡಿ ಇಲ್ಲದ ಕ್ಯಾಮೆರಾ ತಗೊಳ್ಳಾಕತ್ತಾರ. ಇವು ಹಳೇವು ಆಗಾಕತ್ತಾವ. ಲಗೂ ನಿರ್ಧಾರ ಮಾಡ್ರಿ" ಎಂದ. ಮೂರನೆಯದೊಂದನ್ನು ಸೇರಿಸಿ ನೋಟ್‌ಬುಕ್ಕಿನ ಅಂದ ಕೆಡಿಸಲು ನಾನು ಒಪ್ಪಲಿಲ್ಲ.

ಶ್ರಾವಣದಲ್ಲಿ ನಮ್ಮ ಮಾವನವರು ರಂಗಕ್ಕೆ ಇಳಿದರು. ಮಾವನವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಗಳು. ಮಾರುಕಟ್ಟೆಯಲ್ಲಿ ರಾಶಿಗಳ ನಡುವೆ ನಡೆಯುತ್ತ ಒಂದು ಹಿಡಿ ಎತ್ತಿ, ಅದುಮಿ, ಒಂದು ಕಾಯಿ ಮುರಿದು ಬೆಳಕಿಗೆ ಹಿಡಿದರೆಂದರೆ ಅದು ಎಷ್ಟು ಬಿಸಿಲು ಕಂಡಿದೆ, ಎಲ್ಲಿ ಎಷ್ಟು ದಿನ ಕೂತಿತ್ತು ಎಂಬುದೆಲ್ಲ ಅವರಿಗೆ ಗೊತ್ತಾಗುತ್ತದೆ. "ಅಳಿಯಂದ್ರ, ಬಣ್ಣ ತಿಳೀಲಾರದ್ದು ಎಂಥಾ ಕ್ಯಾಮೆರಾರಿ? ನಾ ನೋಡ್ತೇನಿ ಬರ್ರಿ" ಎಂದರು. ಅವರ ಮಾತಿನ ಮೇಲೆ ಹಾವೇರಿಯವನು ಕಡ್ಡಿಯನ್ನು ಒಂದು ದಿನದ ಮಟ್ಟಿಗೆ ಕೊಟ್ಟ. ಎರಡು ಬಟ್ಟೆಯ ಚೀಲ ಹಿಡಿದು ನಾವು ರಾಣೆಬೆನ್ನೂರಿಗೆ ಹೋದೆವು. ಒಂದರಲ್ಲಿ ಕೋಲ್ಡ್ ಸ್ಟೋರೇಜಿನಿಂದ ತೆಗೆದ ಈ ವರ್ಷದ ಕಾಯಿ, ಇನ್ನೊಂದರಲ್ಲಿ ಗೋದಾಮಿನಲ್ಲಿ ಉಳಿದು ಬಣ್ಣ ಇಳಿದ ಹೋದ ವರ್ಷದ್ದು. ಗಾಜಿನ ಮೇಲೆ ಎರಡು ಪುಟ್ಟ ರಾಶಿ ಸುರಿದು, ಎರಡೂ ಕ್ಯಾಮೆರಾಗಳಿಂದ ಫೋಟೋ ತೆಗೆಸಿ, ಮಾವನವರು ಕನ್ನಡಕ ಏರಿಸಿ ನೋಡಿದರು.

"ಈ ಡಬ್ಬಿ ಖೊಟ್ಟಿ ಐತಿ. ಹ್ವಾದ ವರ್ಷದ ಮಾಲನ್ನ ಈ ವರ್ಷದ್ದು ಅಂತ ತೋರಸಾಕತ್ತೈತಿ. ಕಡ್ಡಿ ಇದ್ದದ್ದನ್ನ ಇದ್ದಂಗ ಹೇಳ್ತೈತಿ" ಎಂದು ತೀರ್ಪಿತ್ತರು.

"ಮಾವಾರ, ಎಪ್ಪತ್ತು ದಾಟಿದ ಇಬ್ಬರು ಹೆಣ್ಣುಮಕ್ಕಳ ಫೋಟೋ ತಗೀಬೇಕಾಗೈತ್ರಿ. ಅದಕ್ಕ ಯಾವುದು ಛಲೋ?" ಎಂದೆ.

ಮಾವನವರು ಕನ್ನಡಕ ಒರೆಸಿ ಮತ್ತೆ ಏರಿಸಿಕೊಂಡರು. ಪ್ರಶ್ನೆಯ ಮುಜುಗರಕ್ಕೋ ಏನೋ, ಇನ್ನೊಮ್ಮೆ ನೋಡೋಣವೆಂದು ಹಳೆಯ ಕಾಯಿ ಎರಡನ್ನು ಮುರಿದು ಬೀಜ ಕೊಡವಿದರು. ಮಾರುಕಟ್ಟೆಯಲ್ಲಿ ಇದಕ್ಕೆ ಯಾರೂ ತಲೆ ಎತ್ತುವುದಿಲ್ಲ. ಇಲ್ಲಿ ಮೇಲೆ ಫ್ಯಾನು ತಿರುಗುತ್ತಿತ್ತು. ಅಂಗಡಿಯವನು, ಅವನ ಇಬ್ಬರು ಗಿರಾಕಿಗಳು ಮತ್ತು ನಾನು ಒಟ್ಟಿಗೆ ಸೀನತೊಡಗಿದೆವು. ಮಾವನವರು ಮಾತ್ರ ನಮ್ಮನ್ನು ಮರುಕದಿಂದ ನೋಡುತ್ತ ನಿಂತರು. ಒಳಗಿನ ಕನ್ನಡಿ ತೋರಿಸಲೆಂದು ಅಂಗಡಿಯವನು ಡಬ್ಬಿಯ ಲೆನ್ಸು ಬಿಚ್ಚಿಟ್ಟಿದ್ದು ನೆನಪಾದದ್ದು ಎಲ್ಲರ ಸೀನು ನಿಂತ ಮೇಲೆ. ಡಬ್ಬಿಯ ಹೊಟ್ಟೆಗೆ ಬ್ಯಾಡಗಿಯ ಖಾರ ಹೋಗಿತ್ತು. ಅದನ್ನು ಸ್ವಚ್ಛ ಮಾಡಿಸಲು ಹುಬ್ಬಳ್ಳಿಗೆ ಕಳಿಸಬೇಕು, ಹೊಸ ಪೀಸು ಬರಲು ತಿಂಗಳಾಗುತ್ತದೆ ಎಂದ ಅಂಗಡಿಯವನು. ನಾನು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದೆ, ಒಳಗೊಳಗೇ ಒಂದು ತಿಂಗಳು ಸಿಕ್ಕಿತೆಂದು ಸಂತೋಷವಾಗಿತ್ತು.

ಅಷ್ಟರಲ್ಲಿ ನಾನು ಊರಿಗೆ ಕ್ಯಾಮೆರಾ ಪಂಡಿತನಾಗಿದ್ದೆ. ನಮ್ಮ ಶಾಲೆಯ ದೈಹಿಕ ಶಿಕ್ಷಕರು ಸೋಮವಾರ ನನ್ನ ನೋಟ್‌ಬುಕ್ಕು ಒಯ್ದು, ಮಂಗಳವಾರ ಕಡ್ಡಿ ಕೊಂಡು, ಬುಧವಾರ ನಮ್ಮ ಹೆಡ್‌ಮಾಸ್ಟರರ ಮೊಮ್ಮಗಳ ತೊಟ್ಟಿಲ ಕಾರ್ಯಕ್ರಮದ ಫೋಟೋ ತೆಗೆದರು. ಇಷ್ಟು ಉಡಾಫೆಯ ಮನುಷ್ಯ ಮಕ್ಕಳಿಗೆ ಏನು ಶಿಸ್ತು ಕಲಿಸುತ್ತಾನೆ ಎಂದು ನನಗೆ ಬೇಸರವಾಯಿತು. ಅವರದನ್ನೇ ಒಂದು ದಿನ ಇಸಿದುಕೊಂಡು ಹೋಗಬಹುದಿತ್ತು. ಆ ಯೋಚನೆ ನನಗೆ ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು, ಬೇಡವೆಂದು ಕಳಿಸಿದೆ.

ದಸರೆಯ ಹೊತ್ತಿಗೆ ದೊಡ್ಡವ್ವನ ಫೋನು ಬಂತು. "ತಮ್ಮಾ, ಬಲಗಣ್ಣು ಪೂರಾ ಹೋತು. ಎಡಗಣ್ಣಾಗ ನಟ್ಟನಡುವ ಒಂದೀಟು ಉಳದೈತಿ" ಎಂದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ ನಾನು ಮಾಡಿದ್ದೇನು ಗೊತ್ತೇ? ಕಡಿಮೆ ಬೆಳಕಿನಲ್ಲಿ ಎರಡರಲ್ಲಿ ಯಾವುದು ಮೇಲು ಎಂದು ಹೊಸದಾಗಿ ಓದಲು ಕೂತೆ. ದೀಪಾವಳಿಗೆ ಅವಳು ಮತ್ತೆ ಫೋನು ಮಾಡಿದಾಗ ಶೈಲಾ ಎತ್ತಿಕೊಂಡಳು. "ಇನ್ನೂ ಎರಡೂ ನೋಡಾಕತ್ತಾನೇನವಾ?" ಎಂದಳಂತೆ. ಆ ಮಾತಿನಲ್ಲಿ ಸಿಟ್ಟಿದ್ದಿದ್ದರೆ ಶೈಲಾ ತಡೆದುಕೊಳ್ಳುತ್ತಿದ್ದಳೇನೋ. ದೊಡ್ಡವ್ವ ಸುಮ್ಮನೆ, ಮಳೆ ಬಂತೇನು ಎಂದು ಕೇಳುವ ಹಾಗೆ ಕೇಳಿದ್ದಳು. ಮರುದಿನದಿಂದ ಶೈಲಾ ನನ್ನನ್ನು ಬೆನ್ನು ಹತ್ತಿದಳು. ನಾನು ಸಂಕ್ರಾಂತಿಯವರೆಗೂ ತಪ್ಪಿಸಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಶಾಲೆಯಿಂದ ಬಂದರೆ ಮೇಜಿನ ಮೇಲೆ ಡಬ್ಬಿ ಕೂತಿತ್ತು. "ಸೀರಿಗೆ ಫಾಲ್ ತರಾಕ ರಾಣೆಬೆನ್ನೂರಿಗೆ ಹೋಗಿದ್ನಿ. ಅಂಗಡಿ ಕಾಣ್ತು. ಮುಂದ ಇದ್ದದ್ದನ್ನ ಕೊಡ್ರಿ ಅಂದ್ನಿ" ಎಂದಳು. ಹತ್ತು ನಿಮಿಷವೂ ಆಗಲಿಲ್ಲವಂತೆ. ಫಾಲಿನ ಬಣ್ಣ ಹೊಂದಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತಂತೆ. "ಇದನ್ನ ಮಾಡೂದ ನಿಲ್ಲಿಸ್ಯಾರಂತ ಓದೇನಿ" ಎಂದೆ. "ನೀವು ನೋಡಿ ಮುಗಿಸೂ ತನಕ ಅವರಾದ್ರೂ ಎಷ್ಟಂತ ಕಾಯಬೇಕ್ರಿ" ಎಂದಳು.

ಆ ಭಾನುವಾರವೇ ಅವ್ವನನ್ನು ಕರೆದುಕೊಂಡು ಗಳಗನಾಥಕ್ಕೆ ಹೋದೆ. ಅಕ್ಕತಂಗಿಯರು ಇಳಕಲ್ ಸೀರೆ ಉಟ್ಟು, ಹೊಸ ಬಳೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತರು. "ಎದುರಿಗೆ ಬಾ ತಮ್ಮಾ, ಇನ್ನೀಟು ಸರಿ. ಹಾಂ, ಈಗ ನಿನ್ನ ಮೂಗು ಕಾಣಾಕತ್ತೈತಿ" ಎಂದಳು ದೊಡ್ಡವ್ವ. ಅಂದರೆ ಆ ದಿನ ಅವಳಿಗೆ ಒಂದು ಮೂಗಿನಷ್ಟು ದೃಷ್ಟಿ ಇತ್ತು. ಇದನ್ನು ನೀವು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ. ಫೋಟೋ ಚೆನ್ನಾಗಿ ಬಂತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನು ತೋರಿಸುವುದು, ದೊಡ್ಡದು ಮಾಡಿಸಿಯೇ ತೋರಿಸೋಣ ಎಂದುಕೊಂಡೆ. ಹಾವೇರಿಗೆ ಬಂದು ದೊಡ್ಡದು ಮಾಡಲು ಕೊಟ್ಟಾಗ ಲ್ಯಾಬಿನವನು, "ಹೊಳಿಯೂ ಕಾಗದ ಬೇಕ್ರ್ಯಾ, ಹೊಳೀಲಾರದ್ದು ಬೇಕ್ರ್ಯಾ?" ಎಂದು ಕೇಳಿದ. ಕಾಗದಗಳು ಎರಡು ಇದ್ದವು. ಎರಡರ ತುಂಡುಗಳನ್ನೂ ಮನೆಗೆ ತಂದು ಕಿಟಕಿಯ ಹತ್ತಿರ, ಟ್ಯೂಬಿನ ಕೆಳಗೆ ಹಿಡಿದು ನೋಡುತ್ತ ಹದಿನೈದು ದಿನ ಕಳೆದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಮತ್ತೆ ಅವ್ವನ ಜೊತೆ ಹೋಗಿ, ಚೌಕಟ್ಟು ಹಾಕಿಸಿದ ಫೋಟೋವನ್ನು ದೊಡ್ಡವ್ವನ ಕೈಗಿಟ್ಟಾಗ ಅವಳು ಅದನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ದೂರ ಹಿಡಿದಳು, ಮೂಗಿಗೆ ತಾಗುವಷ್ಟು ಹತ್ತಿರ ತಂದಳು. ಆಮೇಲೆ ಅಂಗೈಯಿಂದ ಗಾಜು ಸವರಿ, "ತಣ್ಣಗೈತಿ" ಎಂದಳು. ಎಡಗಣ್ಣೂ ಹೋದ ವಾರ ಪೂರ್ತಿ ಹೋಯಿತೆಂದು ಅವಳ ಸೊಸೆ ಮೆಲ್ಲಗೆ ಹೇಳಿದಳು. ದೊಡ್ಡವ್ವನೇ ನಮ್ಮನ್ನು ಸಮಾಧಾನ ಮಾಡುವವಳಂತೆ ನಕ್ಕು, "ಇರಲಿ ಬಿಡು. ತಮ್ಮಾ, ಎರಡೆರಡು ನೋಡಿ ಹೇಳೂದ್ರಾಗ ಭಾಳ ಶಾಣ್ಯಾ ಅದಿ ನೀನು. ಇದ್ರಾಗ ನಾ ಛಂದ ಬಂದೇನೋ, ನಿಮ್ಮವ್ವ ಛಂದ ಬಂದಾಳೋ ಹೇಳು" ಎಂದಳು.

"ನೀನ ದೊಡ್ಡವ್ವ" ಎಂದೆ. ಉಸಿರೆಳೆದುಕೊಳ್ಳುವಷ್ಟೂ ತಡ ಮಾಡಲಿಲ್ಲ.

ಅವಳು "ಹೌದಾ?" ಎಂದು ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಜನ್ಮದಲ್ಲಿ ಮೊದಲ ಸಲ ಒಂದು ತೀರ್ಮಾನವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿದ್ದೆನಲ್ಲ, ನನಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು. ಗುತ್ತಲದ ಬಸ್ಸು ಹತ್ತಿ ಕೂತ ಮೇಲೆ ಅವ್ವ ಸೆರಗು ಸರಿಮಾಡಿಕೊಂಡು ಕಿಟಕಿಯ ಗಾಜು ಎಳೆದಳು. ಆಮೇಲೆ, "ಆಕಿ ಛಂದ ಬಂದಾಳ ಅಂದಿ, ಅದಕ್ಕೇನ ಬ್ಯಾಸರ ಇಲ್ಲ ನನಗ. ಆದ್ರ ಅಷ್ಟು ಲಗೂ ಹೇಳಬಾರದಿತ್ತು. ನೀ ಎಂಥಾಂವ ಅಂತ ಆಕಿಗೆ ಗೊತ್ತಿಲ್ಲೇನು? ಖರೇನ ನೋಡಿ ಹೇಳಿದ್ರ ನಿನಗ ಆರು ತಿಂಗಳಾದ್ರೂ ಬೇಕಾಗತಿತ್ತು" ಎಂದಳು.