ಹೂಮಾಲೆಗೆ ಹೆದರಿ ಹಿಂದೆ ಸರಿದ ನೌಕಾಯಂತ್ರಕ್ಕೆ

ಮಾನ್ಯರೇ,

ನನ್ನ ವಿಹಾರನೌಕೆಯಲ್ಲಿ ಬಿಜಯಂಗೈದಿರುವ, ಮನುಷ್ಯರ ನೆರವಿಲ್ಲದೆ ನೌಕೆಯನ್ನು ದಡ ಸೇರಿಸುವ ಹೊಣೆ ಹೊತ್ತಿರುವ ಸ್ವಯಂಚಾಲಿತ ಯಂತ್ರ ಮಹಾಶಯರ ಸನ್ನಿಧಿಗೆ, ಫುಕೆಟ್‌ನ ಮಂಜುಗಡ್ಡೆ ಕಾರ್ಖಾನೆಯ ಮಾಲೀಕನೂ ಸದರಿ ನೌಕೆಗೆ ಹೆಸರಿಗಷ್ಟೇ ಒಡೆಯನೂ ಆದ ವಿಚಿಯನ್ ಎಂಬ ನಾನು ಎರಡೂ ಕೈ ಜೋಡಿಸಿ, ಹಣೆ ಬಗ್ಗಿಸಿ ಮಾಡುವ ವಂದನೆಗಳು. ತಾವು ಕ್ಷೇಮವೆಂಬುದು ತಮ್ಮ ಮುಖದ ಮೇಲೆ ಉರಿಯುತ್ತಿರುವ ಹಸಿರು ದೀಪದಿಂದಲೇ ತಿಳಿಯಿತು. ನನ್ನ ಕ್ಷೇಮವನ್ನು ತಾವು ವಿಚಾರಿಸುವವರಲ್ಲವಾದರೂ ನಾನಾಗಿಯೇ ಅರಿಕೆ ಮಾಡಿಕೊಳ್ಳುತ್ತೇನೆ: ನೆಗಡಿ ಹಿಡಿದಿದೆ, ಎಡಗಾಲಿನ ಮಂಡಿ ಊದಿದೆ, ಬೀಗರ ಊರಿನಲ್ಲಿ ತಲೆ ಎತ್ತಿಕೊಂಡು ತಿರುಗುವ ಹಾಗಿಲ್ಲ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ನಮ್ಮ ಬಂದರುಕಟ್ಟೆಯಲ್ಲಿ ಅಕ್ಕಪಕ್ಕ ನೌಕೆ ಕಟ್ಟಿಕೊಂಡಿರುವ ಇತರ ಸಿರಿವಂತರೂ ತಮ್ಮ ಮಹಿಮೆಯನ್ನು ಅರಿತು ಪಾವನರಾಗಲಿ ಎಂದು.

ತಮಗೆ ಗೊತ್ತಿರಲಿಕ್ಕಿಲ್ಲ, ನಾನು ಮೀನುದೋಣಿಗಳಿಗೆ ಮಂಜುಗಡ್ಡೆ ಮಾರಿ ಮೇಲೆ ಬಂದವನು. ನೌಕೆ ಕೊಂಡಿದ್ದು ಒಂದೇ ಕಾರಣಕ್ಕೆ. ನನ್ನ ಒಬ್ಬನೇ ಮಗ ಕೊರಾವಿತ್‌ನ ಮದುವೆ, ಕೊಲ್ಲಿಯ ಆಚೆ ದಡದಲ್ಲಿ ಸಮುದ್ರದಲ್ಲೇ ಬಲೆಯ ಪಂಜರ ಕಟ್ಟಿ ಮೀನು ಸಾಕುವ ಸವಾಟ್ ಎಂಬುವರ ಮಗಳು ಕನಿತ್ತಾಳ ಜೊತೆ ಗೊತ್ತಾಗಿತ್ತು. ಆ ಹುಡುಗಿ ನಮ್ಮ ಕಾರ್ಖಾನೆಗೆ ಬಂದು ಮಂಜುಗಡ್ಡೆಯ ರೇಟಿಗಾಗಿ ನನ್ನ ಮಗನ ಜೊತೆ ಜಗಳ ಆಡಿ ಆಡಿ, ಕೊನೆಗೆ ಇಬ್ಬರಿಗೂ ಜಗಳವಿಲ್ಲದ ದಿನ ಊಟ ಸೇರದಂತಾಯಿತು. ಗಂಡಿನ ದಿಬ್ಬಣ ಸಮುದ್ರದ ಮೇಲೆ ಬಂದಿಳಿಯಬೇಕು, ಬೀಗರ ಊರು ಬಾಯಿ ಬಿಟ್ಟುಕೊಂಡು ನೋಡಬೇಕು, ಆಮೇಲೆ ನಾನು ಶಂಖ ಹಿಡಿದು ಮಗ ಸೊಸೆಯ ಜೋಡಿಸಿದ ಕೈಗಳ ಮೇಲೆ ಹರಸಿ ನೀರು ಹುಯ್ಯಬೇಕು. ನಾನು ಕಂಡ ಕನಸು ಇಷ್ಟೇ. ಇದರಲ್ಲಿ ಮೊದಲಿನ ಎರಡನ್ನು ತಮ್ಮ ಪಾದಗಳಿಗೆ ಬಿಟ್ಟಿದ್ದೇನೆ; ಮೂರನೆಯದಕ್ಕೂ ತಾವು ಕೈ ಹಾಕಿದ್ದರಿಂದ ಈ ಪತ್ರ.

ಕೊಂಡ ನೌಕೆಯನ್ನು ಕೊಂಡ ಹಾಗೆಯೇ ಬಿಡುವ ಜಾಯಮಾನ ನನ್ನದಲ್ಲ. ಅಲೆ ಬಂದರೂ ಸಾರಿನ ಬಟ್ಟಲು ಅಲುಗದಿರಲೆಂದು ನೌಕೆಯ ಓಲಾಟ ತಡೆಯುವ ರೆಕ್ಕೆಗಳನ್ನು ಹಾಕಿಸಿದೆ; ಗುಂಡಿ ಒತ್ತಿದರೆ ನೀರಿಗಿಳಿಯುವ ಹಿಂಬದಿಯ ಹಲಗೆ, ಅದರ ಒಳಗೂಡಿನಲ್ಲಿ ಒಂದು ಚಿಕ್ಕ ದೋಣಿ ಮಾಡಿಸಿದೆ; ಐಸ್ ಹಾಕಿದ ಕಪ್ಪು ಕಾಫಿ ಬಿಟ್ಟು ಬೇರೇನೂ ಕುಡಿಯದ ನಾನು ದ್ರಾಕ್ಷಾರಸ ತಂಪಾಗಿಡಲು ಒಂದು ಕಪಾಟು ಕೂಡ ತರಿಸಿದೆ, ಪಕ್ಕದ ನೌಕೆಯವನ ಹತ್ತಿರ ಅದಿತ್ತು ಎಂಬುದನ್ನು ಬಿಟ್ಟರೆ ಬೇರೆ ಕಾರಣ ಹೇಳಲಾರೆ. ಎಲ್ಲಕ್ಕೂ ಕಳಶವಿಟ್ಟಂತೆ ತಮ್ಮನ್ನು ಬರಮಾಡಿಕೊಂಡೆ. ನಮ್ಮ ಕಪ್ತಾನ ಬುನ್‌ಲೆರ್ಟ್, “ಯಜಮಾನ್ರೇ, ನಂಗೆ ಕೈ ಇದೆ, ಕಣ್ಣಿದೆ, ಇಷ್ಟು ವರ್ಷ ಎಲ್ಲಾದ್ರೂ ಗುದ್ದಿದೀನಾ?” ಎಂದು ಮುಖ ಸಣ್ಣದು ಮಾಡಿಕೊಂಡ. “ಗುದ್ದೋ ತನಕ ಕಾಯ್ಬೇಕಾ?” ಎಂದು ಅವನ ಬಾಯಿ ಮುಚ್ಚಿಸಿದೆ. ತಮ್ಮಲ್ಲೂ ಅತ್ಯುತ್ತಮ ದರ್ಜೆಯನ್ನೇ ಆರಿಸಿದೆ, ಅಂದರೆ ದಡ ಹತ್ತಿರವಾದ ಮೇಲೆ ಯಾವ ಮನುಷ್ಯನ ಕೈಯೂ ತಮ್ಮ ತೀರ್ಮಾನವನ್ನು ಮೀರಲಾಗದಂಥ ದರ್ಜೆ. ಮಾರಲು ಬಂದ ಹುಡುಗನೇ “ಖಂಡಿತಾನಾ ಸರ್?” ಎಂದು ಮತ್ತೆ ಕೇಳಿದ. ನಾನು ಎದೆಯುಬ್ಬಿಸಿ ಸಹಿ ಹಾಕಿದೆ.

ಮದುವೆಯ ಬೆಳಿಗ್ಗೆ ದಿಬ್ಬಣ ಹೊರಟಿತು. ಉದ್ದನೆಯ ಡೋಲಿನವರು, ಬಾಳೆಗಿಡ, ಕಬ್ಬಿನ ಜಲ್ಲೆ, ಸಿಹಿತಿಂಡಿಯ ತಟ್ಟೆಗಳು, ರೇಷ್ಮೆ ಉಟ್ಟ ನೆಂಟರು, ಎಲ್ಲರೂ ಬಂದರುಕಟ್ಟೆಯಲ್ಲೇ ಚಪ್ಪಲಿ ಬುಟ್ಟಿಗೆ ಹಾಕಿ ತಮ್ಮ ತೇಗದ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಒಂಬತ್ತು ಗಂಟೆ ಒಂಬತ್ತು ನಿಮಿಷದೊಳಗೆ ಗಂಡು ದಡ ಮೆಟ್ಟಬೇಕೆಂದು ದೊಡ್ಡ ಭಿಕ್ಷುಗಳು ಮುಹೂರ್ತ ಇಟ್ಟುಕೊಟ್ಟಿದ್ದರು. ಹೊರಡುವ ಮುನ್ನ ನನ್ನ ಹೆಂಡತಿ ಬುಪ್ಪಾ ನೌಕೆಯ ಮೂತಿಗೆ ಬಣ್ಣದ ಬಟ್ಟೆ ಸುತ್ತಿ, ಮಲ್ಲಿಗೆ ಚೆಂಡುಹೂವಿನ ದಪ್ಪ ಮಾಲೆ ಕಟ್ಟಿ, ಊದುಬತ್ತಿ ಹಚ್ಚಿದಳು. ದೋಣಿಯ ತಾಯಿ, ಮೇ ಯಾ ನಾಂಗ್ ದೇವಿ, ಇರುವುದು ಅಲ್ಲೇ ತಾನೆ? ಬಾಡಿಗೆಗೆ ದೋಣಿ ಓಡಿಸುವವನೂ ಆಕೆಗೆ ಹೂವಿಡದೆ ಹಗ್ಗ ಬಿಚ್ಚುವುದಿಲ್ಲ. ತಾವು ಆಗ ಏನೂ ಅನ್ನಲಿಲ್ಲ, ಏಕೆಂದರೆ ದಡ ಬಿಡುವಾಗ ತಾವು ನಿದ್ದೆಯಲ್ಲಿರುತ್ತೀರಿ, ದಡ ಸೇರುವಾಗಷ್ಟೇ ಕಣ್ಣು ತೆರೆಯುತ್ತೀರಿ.

ಬೀಗರ ಕಟ್ಟೆ ಕಂಡಿತು. ಅಲ್ಲಿ ಹೆಣ್ಣಿನ ಚಿಕ್ಕಮ್ಮ ಮತ್ತವರ ಪಡೆ ಗಂಡನ್ನು ತಡೆದು ಕಾಣಿಕೆ ವಸೂಲು ಮಾಡಲು ಚಿನ್ನದ ಸರ ಅಡ್ಡ ಹಿಡಿದು ನಿಂತಿತ್ತು. ಡೋಲು ಬಡಿಯಿತು, ನಮ್ಮವರು ಕುಣಿದರು, ತಾವು ಕಣ್ಣು ತೆರೆದಿರಿ. ತೆರೆದವರೇ ಅತ್ಯಂತ ಮಧುರವಾದ ಹೆಣ್ಣುದನಿಯಲ್ಲಿ “ಎದುರಿಗೆ ಅಡಚಣೆ ಇದೆ, ಹಿಂದೆ ಸರಿಯುತ್ತಿದ್ದೇನೆ” ಎಂದು ಘೋಷಿಸಿ ಹಿಂದೆ ಸರಿದಿರಿ. ತಮ್ಮ ಅಧಿಕಾರದ ಗಡಿ ದಾಟಿದೊಡನೆ ಬುನ್‌ಲೆರ್ಟ್ ಮತ್ತೆ ಮುಂದೆ ತಂದ. ತಾವು ಮತ್ತೆ ಸರಿದಿರಿ. ಮೂರನೆಯ ಸಲ ಸರಿದಾಗ ದಡದಿಂದ ಚಿಕ್ಕಮ್ಮನ ಗಂಟಲು ಡೋಲನ್ನೂ ಮೀರಿ ಕೇಳಿಸಿತು: “ಅಯ್ಯೋ, ನೋಡ್ರೇ! ಗಂಡಿನ ಕಡೆಯೋರು ಓಡಿ ಹೋಗ್ತಿದಾರೆ!”

“ಸರ ನೋಡಿ ಹೆದರಿರ್ಬೇಕು ಕಣೇ, ದುಡ್ಡಿನ ಲಕೋಟೆ ಮರೆತು ಬಂದಿದಾರೆ!” ಎಂದಳು ಇನ್ನೊಬ್ಬಳು.

“ಅಷ್ಟುದ್ದ ಹಡಗು ತಗೊಳ್ಳೋಕೆ ದುಡ್ಡಿತ್ತು, ನಮಗೆ ನೂರು ಬಾತ್ ಕೊಡೋಕೆ ಜೀವ ಹೋಗುತ್ತಾ?”

ನಮ್ಮ ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮಗ ಮಾತ್ರ ನಗಲಿಲ್ಲ, ಗಡಿಯಾರ ನೋಡಿಕೊಂಡ.

ತಮ್ಮ ಪರದೆಯನ್ನು ನೋಡಿದ ಬುನ್‌ಲೆರ್ಟ್ ನನ್ನ ಕಿವಿಯ ಹತ್ತಿರ ಬಂದು, “ಯಜಮಾನ್ರೇ, ಇದರ ಕಣ್ಣಿನ ಮುಂದೆ ಪೂರ್ತಿ ಚೆಂಡುಹೂವೇ ಇದೆ. ಅಮ್ಮನ ಮಾಲೆ ನೋಡಿ ಹೆದರ್ತಿದೆ” ಎಂದ. ಆಹಾ, ತಮ್ಮ ಜಾಗರೂಕತೆಯನ್ನು ಯಾವ ಬಾಯಿಂದ ಹೊಗಳಲಿ! ತಮ್ಮದೇ ಮೂಗಿಗೆ ಕಟ್ಟಿದ ಮಾಲೆಯಿಂದ ತಾವು ದೂರ ಓಡುತ್ತಿದ್ದಿರಿ. ಮೂಗು ತಮ್ಮ ಜೊತೆಗೇ ಬರುತ್ತಿದ್ದುದರಿಂದ ಮಾಲೆಯೂ ಬರುತ್ತಿತ್ತು. ಮಾಲೆ ಅಟ್ಟಿಸಿಕೊಂಡು ಬಂತೆಂದು ತಾವು ಇನ್ನಷ್ಟು ಓಡುತ್ತಿದ್ದಿರಿ. ಬಿಟ್ಟಿದ್ದರೆ ಮಗನ ಮದುವೆಗೆ ಹೊರಟ ನಮ್ಮನ್ನು ತಾವು ಸುಮಾತ್ರಾದಲ್ಲಿ ಇಳಿಸುತ್ತಿದ್ದಿರೋ ಏನೋ.

ತಮ್ಮ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಅಡಚಣೆಯನ್ನು ತೆಗೆದುಹಾಕಿ ಎಂದರು. ಅದನ್ನು ಬುಪ್ಪಾಳಿಗೆ ಹೇಳಿದ್ದೇ ತಪ್ಪಾಯಿತು. “ತೆಗೆಯೋದಾ? ಮದುವೆ ದಿನ ಅಮ್ಮನ ಕೊರಳಿಂದ ಮಾಲೆ ಕಿತ್ತುಹಾಕ್ಬೇಕಾ? ನಿಮಗೇನ್ರೀ ಬಂದಿದೆ?” ಎಂದಳು. ಹಾಗಾದರೆ ಹಿಂದುಗಡೆ ಕಟ್ಟೋಣವೇ ಎಂದು ನಯವಾಗಿ ಕೇಳಿದೆ. “ಅವಳು ಇರೋದು ಮುಂದುಗಡೆ ಕಣ್ರೀ, ನಿಮ್ಮ ಐಸ್ ಕಪಾಟಿನ ಪಕ್ಕ ಅಲ್ಲ!” ಬುನ್‌ಲೆರ್ಟ್‌ನ ಮುಖ ನೋಡಿದೆ, ಅವನು ಕೈ ಹಿಂದಕ್ಕೆ ಕಟ್ಟಿಕೊಂಡು ಆಕಾಶ ನೋಡತೊಡಗಿದ. ಕೊನೆಗೆ ನಾನೇ ಮೂತಿಯ ತನಕ ಹೋಗಿ ಮಾಲೆಗೆ ಕೈ ಚಾಚಿದೆ. ಸುಳ್ಳೇಕೆ ಹೇಳಲಿ, ಕೀಳಲಾಗಲಿಲ್ಲ. ಮಂಜುಗಡ್ಡೆ ಕೊಂಡು ಸಮುದ್ರಕ್ಕೆ ಹೋಗುತ್ತಿದ್ದ ಪ್ರತಿಯೊಂದು ದೋಣಿಯ ಮೇಲೂ ಆ ಮಾಲೆಯನ್ನು ನೋಡಿಕೊಂಡೇ ಬೆಳೆದವನು ನಾನು. ಸುಮ್ಮನೆ ಕೈ ಮುಗಿದು ವಾಪಸು ಬಂದೆ.

ಅಷ್ಟರಲ್ಲಿ ಬೀಗರು ಸವಾಟ್ ಬಾಲದಂತೆ ಉದ್ದಕ್ಕೆ ಮೋಟಾರು ಚಾಚಿದ ಮೀನುದೋಣಿಯನ್ನು ಖುದ್ದಾಗಿ ಓಡಿಸಿಕೊಂಡು ನಮ್ಮ ಹಿಂದೆ ಬಂದರು. ಹಿಂದೆ ದೋಣಿ, ಮುಂದೆ ಹೂವು! ತಾವು ಯಾರನ್ನೂ ನೋಯಿಸಬಾರದೆಂಬ ಕರುಣೆಯಿಂದ ನಿಂತಲ್ಲೇ ಗಿರಗಿರನೆ ತಿರುಗತೊಡಗಿದಿರಿ. ಡೋಲಿನವರಿಗೆ ತಲೆ ಸುತ್ತು ಬಂತು. ಕಡೆಗೆ ಬೀಗರ ದೋಣಿ ಪಕ್ಕಕ್ಕೆ ಸರಿದು, ತಾವು ಹಿಂದೋಡಿ ತಮ್ಮ ಅಧಿಕಾರ ನಡೆಯದಷ್ಟು ದೂರ ತಲುಪಿದಾಗ ಬುನ್‌ಲೆರ್ಟ್ ಲಂಗರು ಹಾಕಿದ. ರೇಷ್ಮೆಯ ನೆಂಟರು, ತಟ್ಟೆಗಳು, ಬಾಳೆಗಿಡ, ಬುಪ್ಪಾ, ಮದುಮಗ, ಎಲ್ಲರೂ ಮೀನಿನ ವಾಸನೆಯ ದೋಣಿಗೆ ಇಳಿದರು. “ಬೀಗರೇ, ನೀವೂ ಬನ್ನಿ, ಜಾಗ ಮಾಡ್ಕೊಳ್ಳೋಣ” ಎಂದರು ಸವಾಟ್.

ಇಲ್ಲಿ ತಮ್ಮದಷ್ಟೇ ತಪ್ಪೆಂದರೆ ಅನ್ಯಾಯವಾದೀತು. ಅಷ್ಟು ಖರ್ಚು ಮಾಡಿಸಿ ಸಿಂಗರಿಸಿದ ನೌಕೆ ಬಿಟ್ಟು, ಮೀನಿನ ಬುಟ್ಟಿಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬೀಗರ ಕಟ್ಟೆ ಹತ್ತಲು ನನಗೆ ಮನಸ್ಸು ಬರಲಿಲ್ಲ. “ನೀವು ನಡೀರಿ, ಐದೇ ನಿಮಿಷ, ಸರಿಮಾಡ್ಕೊಂಡು ಹಡಗಲ್ಲೇ ಬರ್ತೀನಿ” ಎಂದೆ. ಕೊರಾವಿತ್ ನನ್ನ ಕೈಯಲ್ಲಿದ್ದ ಫೋನು ನೋಡಿ, ಪಕ್ಕದಲ್ಲಿ ನನಗಾಗಿ ಬಿಟ್ಟಿದ್ದ ಜಾಗಕ್ಕೆ ಸಿಹಿತಿಂಡಿಯ ತಟ್ಟೆ ಇಟ್ಟುಕೊಂಡ.

ಅವನು ಮುಹೂರ್ತಕ್ಕೆ ದಡ ಮೆಟ್ಟಿದ್ದನ್ನು ನಾನು ತಮ್ಮ ಪರದೆಯಲ್ಲಿ ಕಂಡೆ. ಮಾಲೆಗೆ ಸಿಗದಷ್ಟು ಎತ್ತರದ ಕಂಬದ ಮೇಲಿದ್ದು, ದೂರದ್ದನ್ನು ಹತ್ತಿರ ತೋರಿಸುವ ತಮ್ಮ ಇನ್ನೊಂದು ಕ್ಯಾಮೆರಾದ ಗುಣವನ್ನು ಮೆಚ್ಚಲೇಬೇಕು. ಸೊಸೆಯ ಕಿವಿಯೋಲೆಯ ಹರಳೂ ಸ್ಪಷ್ಟವಾಗಿತ್ತು. ಚಿನ್ನದ ಸರ ದಾಟಿದರು, ಉಂಗುರ ತೊಡಿಸಿದರು, ಭಿಕ್ಷುಗಳು ಮಂತ್ರ ಹೇಳಿದರು. ಇಬ್ಬರ ತಲೆಗೂ ಮಂತ್ರಿಸಿದ ಒಂದೇ ದಾರದಿಂದ ಹೆಣೆದ ಜೋಡಿ ಸುತ್ತು ಏರಿಸಿ, ಮಂಡಿಯೂರಿಸಿ ಕೂರಿಸಿದರು. ಬುಪ್ಪಾಳ ಪಕ್ಕದ ಕುರ್ಚಿ ಖಾಲಿ ಇತ್ತು, ಅದೂ ಸ್ಪಷ್ಟವಾಗಿತ್ತು. ಆ ಹೊತ್ತಿನಲ್ಲೇ ಸಹಾಯವಾಣಿಯವರು ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿ ನೋಡಿ ಎಂದರು. ಆರಿಸಿದೆ. ಪರದೆ ಕಪ್ಪಾಯಿತು, ಹಿಂಬದಿಯ ಹಲಗೆ ಬೀಗ ಹಾಕಿಕೊಂಡಿತು, ಅದರ ಗೂಡಿನಲ್ಲಿದ್ದ ಚಿಕ್ಕ ದೋಣಿಯೂ ಒಳಗೇ ಉಳಿಯಿತು, ತಾವು ಮಾತ್ರ “ದಯವಿಟ್ಟು ಕಾಯಿರಿ” ಎಂದಿರಿ.

ಕಾದೆ. ಏನೂ ಕಾಣದಂತಾದ ಮೇಲೆ ದಡದ ಸದ್ದು ಚೆನ್ನಾಗಿ ಕೇಳಿಸತೊಡಗಿತು. ಡೋಲು ನಿಂತಿತ್ತು. ಸವಾಟ್ ಕೈಗೆ ಧ್ವನಿವರ್ಧಕ ತೆಗೆದುಕೊಂಡಿದ್ದರು.

“ಬೀಗರೇ! ಗಂಡಿನಪ್ಪ ನೀರು ಹುಯ್ಯದೆ ನಾನು ಶಂಖ ಮುಟ್ಟಲ್ಲ! ಇವತ್ತು ಮದುವೆ ಯಾರದ್ದು, ಮಗಂದಾ, ಹಡಗಿಂದಾ?”

ಕೊಲ್ಲಿಯೆಲ್ಲ ಕೇಳಿಸುವಂತೆ ಕೇಳಿದ ಆ ಪ್ರಶ್ನೆಯಿಂದ ನನಗೆ ನಾಚಿಕೆಯಾಯಿತು. ರೇಷ್ಮೆಯ ಅಂಗಿ, ಕೊರಳ ಬಂಗಾರ ಎಲ್ಲ ಸಮೇತ ನೀರಿಗೆ ಹಾರಿದೆ. ಹಾರುವಾಗ ಮಂಡಿ ತಮ್ಮ ಕಂಬಿಗೆ ಬಡಿಯಿತು. ಬುನ್‌ಲೆರ್ಟ್ ತೇಲುಬಳೆ ಎಸೆಯುತ್ತಾ “ಈಜ್ರೀ ಯಜಮಾನ್ರೇ, ಈಜ್ರೀ!” ಎಂದು ಕೂಗಿದ್ದರಲ್ಲಿ ಗಾಬರಿ ಎಷ್ಟಿತ್ತೋ ಖುಷಿ ಎಷ್ಟಿತ್ತೋ ನಾನು ವಿಚಾರಿಸಿಲ್ಲ. ಅರ್ಧ ದಾರಿಯಲ್ಲಿ ಸವಾಟ್ ದೋಣಿ ತಂದು, ಪಂಜರದಿಂದ ಮೀನು ಎತ್ತುವ ಹಾಗೆ ನನ್ನ ಕಾಲರು ಹಿಡಿದು ಎತ್ತಿ ಒಳಗೆ ಹಾಕಿಕೊಂಡರು. “ತೂಕ ಚೆನ್ನಾಗಿದೆ ಬೀಗರೇ” ಎಂದರು.

ಬುಪ್ಪಾ ಕೈಗೆ ಶಂಖ ಕೊಟ್ಟಳು. ಮಗ ಸೊಸೆಯ ಕೈ ಮೇಲೆ ಬಾಗಿದೆ. ಶಂಖದಿಂದ ಸುರಿದದ್ದಕ್ಕಿಂತ ನನ್ನ ತೋಳಿನಿಂದ ಸುರಿದ ನೀರೇ ಹೆಚ್ಚು. ಹೇಳಬೇಕೆಂದು ತಿಂಗಳಿಂದ ಬಾಯಿಪಾಠ ಮಾಡಿದ್ದ ಹಾರೈಕೆಯ ಮಾತು ಒಂದೂ ನೆನಪಾಗಲಿಲ್ಲ; “ಜಗಳ ಆಡ್ಕೊಂಡು ಚೆನ್ನಾಗಿರ್ರಪ್ಪಾ” ಎಂದೆ. ಕೊರಾವಿತ್ ತಲೆ ಎತ್ತಲಿಲ್ಲ, ಅವನ ಭುಜ ಅಲುಗುತ್ತಿತ್ತು. ಕನಿತ್ತಾ ಮೆಲ್ಲಗೆ, “ಮಾವ, ಇನ್ನೂ ಸ್ವಲ್ಪ ಹುಯ್ಯಿರಿ, ಅಪ್ಪ ಬರ್ತಾರೋ ಇಲ್ವೋ ಅಂತ ಇವರು ಆಗಿಂದ ನೋಡ್ತಾನೇ ಇದ್ರು” ಎಂದಳು. ಹುಯ್ದೆ. ನನಗೆ ಅಳು ತಡೆಯಲಾಗಲಿಲ್ಲ.

ತಾವೋ, ಊಟ ಮುಗಿದು ತಟ್ಟೆ ತೊಳೆಯುವ ಹೊತ್ತಿಗೆ, ಬಿಸಿಲಿಗೆ ಬಾಡಿದ ಮಾಲೆ ತಾನಾಗಿ ತಮ್ಮ ಕಣ್ಣಿನಿಂದ ಪಕ್ಕಕ್ಕೆ ಜಾರಿ, ಬುನ್‌ಲೆರ್ಟ್ ಲಂಗರು ಎತ್ತಿದ್ದೇ ತಡ, ಕಟ್ಟೆಗೆ ಕೂದಲೆಳೆಯಷ್ಟೂ ತಾಗದಂತೆ ಬಂದು ನಿಂತಿರಿ. ಅಂಥ ಅಂದದ ಆಗಮನವನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಚಿಕ್ಕಮ್ಮ ಕೈ ಒರೆಸಿಕೊಂಡು ಬಂದು ತಮ್ಮ ಮೂತಿಗೆ ಚಿನ್ನದ ಸರ ಅಡ್ಡ ಹಿಡಿದು, “ಲಕೋಟೆ ಕೊಟ್ಟು ಒಳಗೆ ಬಾರಯ್ಯಾ” ಎಂದರು. ತಮ್ಮ ಪರವಾಗಿ ಆ ಕಾಣಿಕೆಯನ್ನೂ ನಾನೇ ಸಲ್ಲಿಸಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ. ತಾವು ದಯಮಾಡಿ ಕೈಗಳನ್ನು ಬೆಳೆಸಿಕೊಂಡು ದೋಣಿಯ ತಾಯಿಗೆ ಒಂದು ಸಲ ಮುಗಿಯಬೇಕು. ಬೀಗರ ಮನೆಗೆ ಖುದ್ದಾಗಿ, ಬರಿಗಾಲಲ್ಲಿ ಹೋಗಿ, ಓಡಿಹೋಗುತ್ತಿದ್ದವರು ಗಂಡಿನ ಕಡೆಯವರಲ್ಲ, ತಾವೆಂದು ಒಪ್ಪಿಕೊಳ್ಳಬೇಕು. ಹಾಗೂ ಸಾಧ್ಯವಾದರೆ ಆ ಬೆಳಿಗ್ಗೆಯನ್ನು ನನಗೆ ಹಿಂದಿರುಗಿಸಬೇಕು. ಅಲ್ಲಿ ನಾನು ಎಲ್ಲರಿಗಿಂತ ಮೊದಲು ಮೀನುದೋಣಿಗೆ ಇಳಿದು, ಮಗನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುವವನಿದ್ದೇನೆ. ಇದಕ್ಕೆ ಎಷ್ಟು ಖರ್ಚಾದರೂ ಅತ್ಯುತ್ತಮ ದರ್ಜೆಯದ್ದನ್ನೇ ಹಾಕಿಸುತ್ತೇನೆ.

ತಮ್ಮ ಅಪ್ಪಣೆಯಿಲ್ಲದೆ ದಡ ಸೇರಿದ,
ತಮ್ಮ ವಿಶ್ವಾಸಿ,
ವಿಚಿಯನ್

ಮರೆತ ಮಾತು: ಮದುವೆಯ ಫೋಟೋ ಬಂದಿದೆ. ಮನೆಮಂದಿಯೆಲ್ಲ ಗರಿಗರಿ ರೇಷ್ಮೆಯಲ್ಲಿ ನಿಂತಿದ್ದಾರೆ, ನಡುವೆ ನಾನೊಬ್ಬ ನೆನೆದ ಕೋಳಿ, ನನ್ನ ಮಗನ ಕೈ ನನ್ನ ಹೆಗಲ ಮೇಲಿದೆ. ಸೊಸೆ ಅದಕ್ಕೆ ದೊಡ್ಡ ಕಟ್ಟು ಹಾಕಿಸಿ, ವಿದೇಶದಿಂದ ತರಿಸಿದ ತಮ್ಮ ನುಣ್ಣನೆಯ ಮರದ ಗೋಡೆಗೆ, ಸರಿಯಾಗಿ ತಮ್ಮ ಪರದೆಯ ಎದುರಿಗೆ, ಸುತ್ತಿಗೆಯಿಂದ ಮೊಳೆ ಹೊಡೆದು ನೇತುಹಾಕಿದ್ದಾಳೆ. ನನಗೆ ಬಹಳ ಹಿಡಿಸಿತು. ತಮಗೆ ಆಕ್ಷೇಪಣೆಯಿದ್ದಲ್ಲಿ ದಯವಿಟ್ಟು ಹಿಂದೆ ಸರಿಯಿರಿ.